ಇಲಿಯ ಹಲ್ಲಿಗೆ ದಾರ ಕಟ್ಟಲೇ?

ಪ್ರಶ್ನೆ: ದಾವಣಗೆರೆಯಲ್ಲಿ ಎಂಡಿಎಸ್ ಓದುತ್ತಿದ್ದೇನೆ, ವಸಡಿನ ವಿಭಾಗ. ಗಿಡಮೂಲಿಕೆಯ ಜೆಲ್ ಒಂದನ್ನು ಇಲಿಗಳ ಮೇಲೆ ಪರೀಕ್ಷಿಸಲು ಗೈಡ್ ಹೇಳಿದ್ದಾರೆ. ಹಲ್ಲಿಗೆ ದಾರ ಬಿಗಿದು ರೋಗ ಬರಿಸಿ, ಕೊನೆಗೆ ಇಲಿಗಳನ್ನು ಕೊಲ್ಲಬೇಕು. ನಮ್ಮದು ಕುರಿ ಸಾಕುವ ಮನೆ. ‘ಮೂಕಪ್ರಾಣಿ ಶಾಪ ಬೇಡ’ ಅಂತಾಳೆ ಅವ್ವ. ಹಿಂಜರಿಯುವ ನಾನು ಡಾಕ್ಟರಾಗಲು ಲಾಯಕ್ಕಿಲ್ಲವೇ?
– ಓದುಗಿ, ಶ್ರೀರಾಂಪುರ

ಉತ್ತರ: ಖಂಡಿತ ಲಾಯಕ್ಕಿದ್ದೀರಿ. ಕುರಿ ಮಾರಿ ಬದುಕುವ ಮನೆಗೆ ಸಾವು ಹೊಸದಲ್ಲ. ಚೆನ್ನಾಗಿರುವ ಜೀವಕ್ಕೆ ಬೇಕಂತಲೇ ರೋಗ ಬರಿಸುವುದು ಅವ್ವನಿಗೆ ಒಗ್ಗುತ್ತಿಲ್ಲ, ಅಷ್ಟೇ.

ಗೈಡ್ ಮಾತಿಗೂ ಕಾರಣವಿದೆ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 12 ಜನರ ಹಲ್ಲುಜ್ಜುವಿಕೆ ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು, ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. ಮನುಷ್ಯರಲ್ಲಿ ಅಲ್ಲಿಗೇ ನಿಲ್ಲಬೇಕು, ಏಕೆಂದರೆ ಹಲ್ಲು ಹಿಡಿದ ಮೂಳೆ ಒಮ್ಮೆ ಸವೆದರೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಇಲಿಯ ಮೇಲ್ದವಡೆಯ ಎರಡನೇ ದವಡೆಹಲ್ಲಿಗೆ ರೇಷ್ಮೆ ದಾರ ಸುತ್ತಿದರೆ, ಅಲ್ಲಿ ಬ್ಯಾಕ್ಟೀರಿಯಾ ಕೂತು, ಒಂದೆರಡು ವಾರದಲ್ಲೇ ಆ ಸವೆತ ಕಾಣುತ್ತದೆ.

ಆದರೆ ತಂಬಾಕು, ಸಕ್ಕರೆಕಾಯಿಲೆಗಳ ಜೊತೆ ವರ್ಷಗಟ್ಟಲೆ ಬೆಳೆಯುವ ನಮ್ಮ ಜನರ ರೋಗ ಅದಲ್ಲ. ಆ ಮಟ್ಟಿಗೆ ನಿಮ್ಮ ರೊಪ್ಪದ ಮುದಿ ಕುರಿಯೇ ಹತ್ತಿರ. ಅದಕ್ಕೆ ಯಾರೂ ದಾರ ಕಟ್ಟುವುದಿಲ್ಲ. ವಸಡು ಕೆಟ್ಟು, ಕೆಳಗಿನ ಮುಂದಿನ ಹಲ್ಲು ಅಲುಗಾಡಿ ಬಿದ್ದು, ಮೇಯಲಾಗದೆ ಸೊರಗುತ್ತದೆ. ಸಂಶೋಧಕರೂ ಅದನ್ನು ಅಭ್ಯಾಸ ಮಾಡಿದ್ದಾರೆ. ಅವ್ವನನ್ನು ಕೇಳಿ, ಬಾಯಿ ತೆರೆದು ತೋರಿಸಿಯಾಳು.

ಪ್ರಬಂಧದ ಸಿನಾಪ್ಸಿಸ್ ಕಳಿಸುವ ಮುಂಚೆಯೇ ಗೈಡ್ ಬಳಿ ಕೂತು ಮಾತಾಡಿ. ಈ ಜೆಲ್ಲಿನ ಪ್ರಶ್ನೆಗೆ ಲ್ಯಾಬಿನ ಜೀವಕೋಶಗಳಲ್ಲಿ ಉತ್ತರ ಸಿಗದೇ? ಅದರಲ್ಲಿರುವುದು ಈಗಾಗಲೇ ಬಾಯಿಗೆ ಬಳಸುತ್ತಿರುವ ವಸ್ತುವಾದರೆ, ಎಥಿಕ್ಸ್ ಕಮಿಟಿಯ ಒಪ್ಪಿಗೆಯೊಂದಿಗೆ ಒಪಿಡಿಯ ರೋಗಿಗಳಲ್ಲೇ ಮಾಡಬಹುದಲ್ಲ? ನನ್ನ ಒಲವು ಈ ಕಡೆಗೇ. ಹೀಗೆ ಕೇಳುವುದು ಉದ್ಧಟತನವಲ್ಲ. ಸಾಧ್ಯವಿರುವಲ್ಲೆಲ್ಲ ಪ್ರಾಣಿ ಪ್ರಯೋಗ ತಪ್ಪಿಸಬೇಕೆಂಬ ಮಾತು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಇದೆ.

ಬೇರೆ ದಾರಿಯಿಲ್ಲ ಎಂದಾದರೆ, ಎಷ್ಟು ಇಲಿ, ಯಾವ ಅರಿವಳಿಕೆ, ದಾರ ಕಟ್ಟಿದ ಮೇಲೆ ನೋವಿಗೇನು, ಮೆತ್ತಗಿನ ಆಹಾರ ಕೊಡುವವರು ಯಾರು ಎಂಬುದನ್ನೆಲ್ಲ ಪ್ರಾಣಿ ಎಥಿಕ್ಸ್ ಕಮಿಟಿಗೆ ಹೋಗುವ ಮೊದಲೇ ನೀವೇ ಬರೆದಿಟ್ಟುಕೊಳ್ಳಿ. ಇಲಿಗಳ ಆರೈಕೆಯನ್ನು ಅಟೆಂಡರ್ ಮೇಲೆ ಹಾಕಬೇಡಿ. ಆಗಲೂ ಮನಸ್ಸು ಒಪ್ಪದಿದ್ದರೆ ವಿಷಯ ಬದಲಿಸಿಕೊಡಿ ಎಂದು ಕೇಳಿ, ಗೈಡ್ ಒಪ್ಪದಿದ್ದರೆ ವಿಭಾಗದ ಮುಖ್ಯಸ್ಥರನ್ನು ಕಾಣಿ. ಏನೇ ತೀರ್ಮಾನವಾದರೂ ಅವ್ವನಿಂದ ಮುಚ್ಚಿಡಬೇಡಿ.