ಕುಡಿತ, ಮನೋರೋಗ: ವಂಶದಿಂದ ಬರುತ್ತವೆಯೇ?



ಮದುವೆ ಮಾತು ಬಂದಾಗ ನಾವು ಮೊದಲು ವಿಚಾರಿಸುವುದು ಮನೆತನವನ್ನು. "ಅವರ ಮನೇಲಿ ಯಾರಿಗಾದರೂ ತಲೆ ಕೆಟ್ಟಿತ್ತಾ? ಹುಡುಗನ ಅಪ್ಪ ಕುಡೀತಾನಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಹೆದರಿ ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನು ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ. ಇನ್ನೊಂದು ಕಡೆ, ಕುಡಿಯುವ ಅಪ್ಪನ ಮಗ ಒಂದು ತಪ್ಪು ಮಾಡಿದರೆ ಸಾಕು, "ನೀನೂ ನಿಮ್ಮಪ್ಪನ ಹಾಗೇ" ಎಂದುಬಿಡುತ್ತೇವೆ. ನೂಲಿನಂತೆ ಸೀರೆ ಎಂಬ ಗಾದೆ ಈ ವಿಷಯದಲ್ಲಿ ಎಷ್ಟು ನಿಜ? ತಿಳಿಯೋಣ ಬನ್ನಿ.

ಕೊಟ್ಟಿಗೆಯಲ್ಲೇ ಇದೆ ಪಾಠ

ತಳಿಯ ಬಗ್ಗೆ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಉತ್ತಮ ಹೋರಿಯ ವೀರ್ಯದಿಂದ ಹುಟ್ಟಿದ ಕರುವಿಗೆ ಹೆಚ್ಚು ಹಾಲು ಕೊಡುವ ಗುಣ ಬಂದಿರಬಹುದು. ಆದರೆ ಅದಕ್ಕೆ ಗಿಣ್ಣುಹಾಲು ಕುಡಿಸದೆ, ಜಂತಿನ ಔಷಧಿ ಹಾಕದೆ, ಬರೀ ಒಣಹುಲ್ಲಿನಲ್ಲಿ ಬೆಳೆಸಿದರೆ ಆ ಗುಣ ಹೊರಗೆ ಬರುವುದಿಲ್ಲ. ಒಂದೇ ತಳಿಯ ಹಸುಗಳ ನಡುವೆ ಇಳುವರಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶಗುಣದ ಪಾಲು ಸುಮಾರು ಶೇ 30 ಮಾತ್ರ. ಉಳಿದದ್ದು ಮೇವು, ನೀರು, ಆರೋಗ್ಯ, ಆರೈಕೆ.

ಮನುಷ್ಯರ ಕುಡಿತದ ಚಟದಲ್ಲಿ ವಂಶಗುಣದ ಪಾಲು ಇದಕ್ಕಿಂತ ಹೆಚ್ಚು, ಸುಮಾರು ಅರ್ಧದಷ್ಟು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಹಾಗೆಂದರೆ ಕುಡುಕನ ಇಬ್ಬರು ಮಕ್ಕಳಲ್ಲಿ ಒಬ್ಬ ಕುಡುಕನಾಗುತ್ತಾನೆ ಎಂದಲ್ಲ. ಜನರ ನಡುವಿನ ವ್ಯತ್ಯಾಸಕ್ಕೆ ಅರ್ಧ ಕಾರಣ ವಂಶ, ಇನ್ನರ್ಧ ಬದುಕಿನ ಪರಿಸ್ಥಿತಿ ಎಂದು ಅರ್ಥ.

ದತ್ತು ಹೋದ ಮಕ್ಕಳು ಹೇಳಿದ್ದೇನು?

"ಅಪ್ಪನನ್ನು ನೋಡಿ ಮಗ ಕಲಿತ, ಇದರಲ್ಲಿ ರಕ್ತದ ಮಾತೇನು?" ಎಂದು ನೀವು ಕೇಳಬಹುದು. ಇದನ್ನೇ ಪರೀಕ್ಷಿಸಲು ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕ್ ದೇಶದಲ್ಲಿ ಒಂದು ಅಧ್ಯಯನ ನಡೆಸಿ 1973ರಲ್ಲಿ ಪ್ರಕಟಿಸಿದರು. ಕುಡಿತದ ಚಟವಿದ್ದ ತಂದೆ ಅಥವಾ ತಾಯಿಗೆ ಹುಟ್ಟಿ, ಹಸುಗೂಸಾಗಿದ್ದಾಗಲೇ ಬೇರೆ ಮನೆಗೆ ದತ್ತು ಹೋದ 55 ಗಂಡಸರನ್ನು ಪರೀಕ್ಷಿಸಿದರು. ಅವರಲ್ಲಿ 10 ಜನರಿಗೆ ಕುಡಿತದ ಚಟ ಅಂಟಿತ್ತು. ಅಂಥ ಹಿನ್ನೆಲೆಯಿಲ್ಲದೆ ದತ್ತು ಹೋದ 78 ಜನರಲ್ಲಿ ಚಟವಿದ್ದವರು 4 ಮಂದಿ. ಹೆತ್ತವರನ್ನು ನೋಡಿ ಕಲಿಯದಿದ್ದರೂ ಅಪಾಯ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಿ. 55ರಲ್ಲಿ 45 ಜನರಿಗೆ ಆ ಚಟ ಬರಲೇ ಇಲ್ಲ.

ಮನೋರೋಗಗಳದ್ದೂ ಇದೇ ಕಥೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ 100 ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ 100ಕ್ಕೆ ಸುಮಾರು 10. ಅಂದರೆ 90 ಮಕ್ಕಳು ಪಾರಾಗುತ್ತಾರೆ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೂ ಇನ್ನೊಬ್ಬರಿಗೆ ಬಾರದಿರುವುದು ಎಷ್ಟೋ ಕಡೆ ಕಂಡಿದೆ. ಖಿನ್ನತೆ ಇರುವವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅದರ ಅಪಾಯ ಉಳಿದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ವಂಶದಲ್ಲಿ ಬರುವುದು ರೋಗವಲ್ಲ, ರೋಗದ ಕಡೆಗಿನ ಒಲವು.

ಮನೆಯಲ್ಲಿ ಈ ಹಿನ್ನೆಲೆ ಇದ್ದರೆ ಹೀಗೆ ಮಾಡಿ

1. ಮಕ್ಕಳಿಗೆ ಸತ್ಯ ಹೇಳಿ. "ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ, ಹುಷಾರಾಗಿರು" ಎನ್ನುವ ಹಾಗೆಯೇ ಇದನ್ನೂ ಹೇಳಿ. ಹಂಗಿಸಲು ಬಳಸಬೇಡಿ.

2. ಮೊದಲ ಗುಟುಕು ತಡವಾದಷ್ಟೂ ಒಳ್ಳೆಯದು. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಶೇ 40ರಷ್ಟು ಮಂದಿಗೆ ಮುಂದೆ ಚಟ ಅಂಟಿತ್ತು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಇದು ಶೇ 10ರ ಆಸುಪಾಸು. ಬಾಟಲಿ ತರಲು ಹುಡುಗರನ್ನು ಕಳಿಸಬೇಡಿ, ಜಾತ್ರೆ-ಬಾಡೂಟದಲ್ಲಿ "ಒಂದು ಗುಟುಕು ಹಾಕು" ಎನ್ನಬೇಡಿ.

3. "ಎಷ್ಟು ಕುಡಿದರೂ ನನಗೆ ಏರುವುದೇ ಇಲ್ಲ" ಎನ್ನುವ ಹುಡುಗನ ಬಗ್ಗೆ ಎಚ್ಚರವಿರಲಿ. ಅದು ಗಟ್ಟಿತನವಲ್ಲ. ಬೇಗ ಅಮಲೇರದವರು ಹೆಚ್ಚು ಕುಡಿಯುತ್ತಾರೆ, ಮುಂದೆ ಚಟಕ್ಕೆ ಬೀಳುವುದೂ ಅವರೇ ಹೆಚ್ಚು.

4. ಮನೆಯಲ್ಲಿ ಮನೋರೋಗದ ಹಿನ್ನೆಲೆ ಇದ್ದವರಿಗೆ ಗಾಂಜಾ ಇನ್ನೂ ಅಪಾಯಕಾರಿ.

5. ನಿದ್ದೆ ಕೆಡುವುದು, ಒಬ್ಬರೇ ಮಾತಾಡಿಕೊಳ್ಳುವುದು, ಎಲ್ಲರ ಮೇಲೂ ಅನುಮಾನ, ಹಾಲು ಕರೆಯಲೂ ಮನಸ್ಸಿಲ್ಲದ ಮಂಕು, ಸಾಯುವ ಮಾತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರನ್ನು ಕರೆಯುವ ನಾವು, ಮನೆಯವರ ವಿಷಯದಲ್ಲಿ ವರ್ಷಗಟ್ಟಲೆ ಕಾಯುವುದು ಸರಿಯೇ?

ಎರಡು ಎಚ್ಚರಿಕೆಗಳು

"ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎಂಬ ಜಾಹೀರಾತು ನಂಬಬೇಡಿ. ಡೈಸಲ್ಫಿರಾಂನಂಥ ಔಷಧಿಯನ್ನು ತಿಳಿಸದೆ ಕೊಟ್ಟು, ಆತ ಮೇಲೆ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಹಾಗೆಯೇ, ವರ್ಷಗಳಿಂದ ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಏಕಾಏಕಿ ಬಿಡಿಸಬೇಡಿ. ಒಂದೆರಡು ದಿನದಲ್ಲೇ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರು ಒಪ್ಪದಿದ್ದರೂ ಮನೆಯವರು ಕರೆ ಮಾಡಿ ಸಲಹೆ ಕೇಳಬಹುದು.

ಮುಂದೆ ಮದುವೆ ಮಾತಿಗೆ ಕುಳಿತಾಗ "ಮನೆತನದಲ್ಲಿ ಇದೆಯಾ?" ಎಂದು ಮಾತ್ರ ಕೇಳಿ ಎದ್ದು ಬರಬೇಡಿ. "ಇದ್ದರೆ ಚಿಕಿತ್ಸೆ ತೆಗೆದುಕೊಂಡಿದ್ದಾರಾ, ಈಗ ಹೇಗಿದ್ದಾರೆ?" ಎಂದೂ ಕೇಳಿ. ಮುಚ್ಚಿಡುವ ಮನೆಗಿಂತ, ಇದೆ ಎಂದು ಹೇಳಿ ಮಾತ್ರೆ ನುಂಗುವ ಮನೆ ಮೇಲು.