ಮಾವೋರಿ ಯುವಜನರಲ್ಲಿ ನಾಯಕತ್ವದ ಬೆಳವಣಿಗೆ

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರಲ್ಲಿ ನಾಯಕತ್ವವು ವಂಶದ ಹಿರಿಮೆಯಿಂದಷ್ಟೇ ಅಲ್ಲದೆ, ಕುಲದ ಸಭೆ ಸಮಾರಂಭಗಳು ನಡೆಯುವ 'ಮರಾಯೆ' ಎಂಬ ಆವರಣದಲ್ಲಿ ಹಿರಿಯರಿಂದ ಕಲಿತ ವಾಕ್ಪಟುತ್ವ ಮತ್ತು ವಂಶಾವಳಿಯ ಜ್ಞಾನದಿಂದಲೂ ರೂಪುಗೊಳ್ಳುತ್ತದೆ. ಈ ಪರಂಪರೆಗೆ ಆಧುನಿಕ ಶಿಕ್ಷಣವನ್ನು ಜೋಡಿಸಿದ ಕೀರ್ತಿಯಲ್ಲಿ ಹಾಕ್ಸ್ ಬೇ ಪ್ರದೇಶದ ಟೆ ಔಟೆ ಕಾಲೇಜಿಗೆ ದೊಡ್ಡ ಪಾಲಿದೆ. 1897ರಲ್ಲಿ ರೂಪುಗೊಂಡ ಅಲ್ಲಿನ ವಿದ್ಯಾರ್ಥಿ ಸಂಘವೇ ಮುಂದೆ 'ಯಂಗ್ ಮಾವೋರಿ ಪಾರ್ಟಿ' ಎಂದು ಪ್ರಸಿದ್ಧವಾಯಿತು. ಹೆಸರು ಹಾಗಿದ್ದರೂ ಇದು ಚುನಾವಣೆಗಾಗಿ ಹುಟ್ಟಿದ ಪಕ್ಷವಲ್ಲ, ಮಾವೋರಿ ಹಳ್ಳಿಗಳ ಆರೋಗ್ಯ, ನೈರ್ಮಲ್ಯ ಹಾಗೂ ಶಿಕ್ಷಣದ ಸುಧಾರಣೆಗೆ ದುಡಿದ ಯುವಕರ ಚಳವಳಿ ಎಂಬುದನ್ನು ಗಮನಿಸಬೇಕು. 1893ರಲ್ಲಿ ಪದವಿ ಪಡೆದ ಮೊದಲ ಮಾವೋರಿ ಅಪಿರಾನಾ ನ್ಗಾಟಾ, ಮೊದಲ ಮಾವೋರಿ ವೈದ್ಯ ಮಾವುಯಿ ಪೊಮಾರೆ, ವೈದ್ಯರಾಗಿದ್ದು ಮಾನವಶಾಸ್ತ್ರಜ್ಞರಾಗಿ ಜಗತ್ಪ್ರಸಿದ್ಧರಾದ ಪೀಟರ್ ಬಕ್ (ಟೆ ರಂಗಿ ಹಿರೋವಾ) ಇದರ ಪ್ರಮುಖರಾಗಿದ್ದು, ಮೂವರೂ ಸಂಸತ್ತನ್ನು ಪ್ರವೇಶಿಸಿ ಮಂತ್ರಿಗಳಾದರು.

ಎರಡನೆಯ ಮಹಾಯುದ್ಧದ ನಂತರ ಮಾವೋರಿಗಳು ನಗರಗಳಿಗೆ ವಲಸೆ ಹೋದಂತೆ ಭಾಷೆ ಕ್ಷೀಣಿಸಿದಾಗ, 'ನ್ಗಾ ತಮತೋವಾ' ಎಂಬ ಯುವ ಸಂಘಟನೆಯು ಇತರರೊಡಗೂಡಿ, ಶಾಲೆಗಳಲ್ಲಿ ಮಾವೋರಿ ಭಾಷೆಯನ್ನು ಕಲಿಸಬೇಕೆಂದು 30,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು 1972ರಲ್ಲಿ ಸಂಸತ್ತಿಗೆ ಸಲ್ಲಿಸಿತು. ಯುವಜನರ ಈ ಹೋರಾಟವನ್ನು ಆಧುನಿಕ ಮಾವೋರಿ ಇತಿಹಾಸದ ಮಹತ್ತ್ವದ ತಿರುವೆಂದೇ ಪರಿಗಣಿಸಬೇಕು, ಏಕೆಂದರೆ 1982ರಲ್ಲಿ ಆರಂಭವಾದ, ಶಿಶುಗಳಿಗೆ ಮಾವೋರಿಯಲ್ಲೇ ಶಿಕ್ಷಣ ನೀಡುವ 'ಕೋಹಂಗಾ ರೆಯೊ' ಕೇಂದ್ರಗಳಿಗೂ, ಆ ಭಾಷೆಗೆ ಅಧಿಕೃತ ಸ್ಥಾನವಿತ್ತ 1987ರ ಕಾಯಿದೆಗೂ ಅದು ಹಾದಿ ಮಾಡಿಕೊಟ್ಟಿತು. ಯುವ ನಾಯಕತ್ವದ ಈ ಪರಂಪರೆ ಮುಂದುವರಿದು, 2023ರಲ್ಲಿ ಹಾನಾ ರಾಫಿಟಿ ಮೈಪಿ ಕ್ಲಾರ್ಕ್ 21ನೆಯ ವಯಸ್ಸಿನಲ್ಲಿ ಹೌರಾಕಿ-ವೈಕಾಟೊ ಮಾವೋರಿ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು.