ಜವಳಿ ಕೂಸುಗಳ ನಾಲಿಗೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಚೊಚ್ಚಲ ಬಾಣಂತನ ತವರುಮನೆಯಲ್ಲಿ. ಕೂಸು ನೋಡಲು ಓಣಿಯವರೆಲ್ಲ ಬರುತ್ತಾರೆ. ಬಂದವರು ಒಂದೊಂದು ಮಾತು ಹೇಳುತ್ತಾರೆ.

ಒಂದು ಮನೆಯಲ್ಲಿ ಜವಳಿ ಗಂಡುಕೂಸುಗಳು ಹುಟ್ಟಿವೆ ಎಂದುಕೊಳ್ಳೋಣ. ಒಂದು ಕೂಸು ಹಾಲು ಕುಡಿದು ಮಲಗುತ್ತದೆ. ಇನ್ನೊಂದು ಬಹಳ ಹೊತ್ತು ಚೀಪುತ್ತದೆ. ಆದರೂ ಹೊಟ್ಟೆ ತುಂಬುವುದಿಲ್ಲ. ಮತ್ತೆ ಅಳುತ್ತದೆ. ತಾಯಿಯ ಮೊಲೆತೊಟ್ಟು ಬಿರಿದು ನೋಯುತ್ತದೆ. ಕೂಸಿನ ನಾಲಿಗೆ ಮೇಲೆ ಏಳುವುದಿಲ್ಲ.

ಓಣಿಯ ಹಿರಿಯಳು ಹೇಳುತ್ತಾಳೆ: “ನಾಲಿಗಿ ಕಟ್ಟೇತಿ. ಕೂಸು ಮೂಕ ಆಗತೈತಿ. ಉಗುರಿಲೆ ಹರದ ಬಿಡ್ರಿ.”

ಬಾಣಂತಿ ಹೇಳುತ್ತಾಳೆ: “ಬ್ಯಾಡ ಬೇ ಅವ್ವಾ, ಮೊದಲ ದವಾಖಾನಿಗೆ ಹೋಗೂನು.”

ಯಾರ ಮಾತು ಸರಿ? ಬಾಣಂತಿಯ ಮಾತು ಸರಿ. ಏಕೆ ಎಂದು ತಿಳಿಯೋಣ.

ಇದು ಏನು?

ಕನ್ನಡಿ ಮುಂದೆ ನಾವು ನಾಲಿಗೆ ಮೇಲೆತ್ತಿ ನೋಡೋಣ. ಅಡಿಯಲ್ಲಿ ಒಂದು ತೆಳುವಾದ ಪೊರೆ ಕಾಣುತ್ತದೆ. ಅದು ಎಲ್ಲರಿಗೂ ಇದೆ. ಕೆಲವು ಕೂಸುಗಳಿಗೆ ಅದು ಗಿಡ್ಡ, ಬಿಗಿ. ಹೊಟ್ಟೆಯಲ್ಲಿ ಇದ್ದಾಗಲೇ ಹೀಗೆ ಆಗಿರುತ್ತದೆ. ಗ್ರಹಣದಿಂದ ಬಂದದ್ದಲ್ಲ. ತಾಯಿಯ ತಪ್ಪೂ ಅಲ್ಲ. ಜವಳಿಯಲ್ಲಿ ಒಂದಕ್ಕೆ ಇರಬಹುದು, ಎರಡಕ್ಕೂ ಇರಬಹುದು. ಆದ್ದರಿಂದ ಎರಡೂ ಬಾಯಿ ತೋರಿಸಬೇಕು.

ಇದರಿಂದ ಕೂಸು ಮೂಕ ಆಗುವುದಿಲ್ಲ. ಮುಂದೆ ಕೆಲವರಿಗೆ ಕೆಲವು ಅಕ್ಷರ ನುಡಿಯಲು ಕಷ್ಟ ಆಗಬಹುದು, ಅಷ್ಟೆ. ಪೊರೆ ಗಿಡ್ಡ ಇದ್ದರೂ ಎಷ್ಟೋ ಕೂಸುಗಳು ಚೆನ್ನಾಗಿ ಹಾಲು ಕುಡಿಯುತ್ತವೆ. ಅವಕ್ಕೆ ಏನೂ ಮಾಡಬೇಕಾಗಿಲ್ಲ.

ತೂಕ ನೋಡಿ, ಬರೆದಿಡಿ

ಜವಳಿ ಕೂಸುಗಳು ಹೆಚ್ಚಾಗಿ ಸಣ್ಣವು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಬಹಳ ಜೋಪಾನ ಬೇಕು. ಹಾಲು ಸಾಲದಿದ್ದರೆ ಬೇಗ ಸೊರಗುತ್ತವೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾಳೆ. ತೂಕ ಮಾಡಿಸಿರಿ. ಎರಡೂ ಕೂಸುಗಳ ತೂಕ ಬೇರೆ ಬೇರೆ ಬರೆದಿಡಿ. ಈಗ ನಮಗೆ ಬರೆಯಲು ಬರುತ್ತದಲ್ಲ! ಒಂದು ವಾರದ ಕೂಸು ದಿನಕ್ಕೆ 6 ಸಲವಾದರೂ ಉಚ್ಚೆ ಮಾಡಬೇಕು.

ಏನು ಮಾಡಬೇಕು?

1. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಲಿ. ಬಾಯಿ ಅಗಲ ತೆರೆದಾಗ ಮೊಲೆ ಕೊಡಿ. ಬರೀ ತೊಟ್ಟು ಸಾಲದು. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಇರಲಿ.

2. ಆದರೂ ಕುಡಿಯದಿದ್ದರೆ ಎದೆಹಾಲು ಹಿಂಡಿ, ಶುಚಿಯಾದ ಚಮಚದಿಂದ ಕುಡಿಸಿರಿ. ಜೇನುತುಪ್ಪ, ಸಕ್ಕರೆ ನೀರು ಬೇಡ.

3. ಬೇಗನೆ ಡಾಕ್ಟರಿಗೆ ತೋರಿಸಿರಿ. ಬೇಕೆಂದರೆ ಅವರೇ ಶುಚಿಯಾದ ಕತ್ತರಿಯಿಂದ ಪೊರೆ ಬಿಡಿಸುತ್ತಾರೆ. ಒಂದೆರಡು ಹನಿ ರಕ್ತ ಬರಬಹುದು. ಕೂಡಲೇ ಹಾಲು ಕುಡಿಸಬಹುದು.

4. ಉಗುರು, ಬ್ಲೇಡು ಮುಟ್ಟಿಸಲೇಬಾರದು. ನಾಲಿಗೆ ಅಡಿಯಲ್ಲಿ ರಕ್ತನಾಳಗಳಿವೆ. ರಕ್ತ ನಿಲ್ಲದೇ ಹೋಗಬಹುದು. ನಂಜು ಏರಿ ಕೂಸಿನ ಜೀವಕ್ಕೇ ಅಪಾಯ ಆಗಬಹುದು.

ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈ ತಣ್ಣಗಾದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿರಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದಿದೆ. ಅದರಂತೆ ಸರ್ಕಾರಿ ದವಾಖಾನೆಯಲ್ಲಿ ಕಾಯಿಲೆಯ ಕೂಸಿಗೆ ಔಷಧ, ಚಿಕಿತ್ಸೆ ಪುಕ್ಕಟೆ. ಇದು ನಮ್ಮ ಹಕ್ಕು. ಕೇಳಿ ಪಡೆಯೋಣ.

ಉತ್ತರ ಹೇಳಿರಿ

1. ಬಾಣಂತಿ ಅವ್ವನಿಗೆ ಏನು ಹೇಳಿದಳು?
2. ಉಗುರಿನಿಂದ ಪೊರೆ ಹರಿಯಬಾರದು. ಏಕೆ?
3. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಹೆಸರು ಬರೆಯಿರಿ.